ಕಲ್ಲು ಸಿಕ್ಕಿದ ದಿಂಡು

"ಯಾಕಮ್ಮಿ ನಿಂತ್ಬುಟ್ಟೆ? ನಿನ್ನಿಂದ ಎಲ್ರೂ ನಿಂತ್ಕಂಡ್ರಲ್ಲ!"

ಪಕ್ಕದ ಸಾಲಿನ ಗುರುಮಲ್ಲಮ್ಮನ ಕೂಗಿಗೆ ಶಿವರಂಜಿನಿ ತಲೆ ಎತ್ತಿದಳು. ಉದ್ದಕ್ಕೆ ಏರಿಸಿದ ಮಣ್ಣಿನ ದಿಂಡಿನ ಆಚೆ ಬದಿಯಲ್ಲಿ ಅವಳ ಅವ್ವ ಮೂಗಮ್ಮ, ಈಚೆ ಬದಿಯಲ್ಲಿ ಅವಳು. ದಿಂಡಿಗೆ ಇಬ್ಬರಂತೆ ಹನ್ನೆರಡು ಹೆಂಗಸರು ನಾಲ್ಕು ಬೆರಳಿಗೊಂದು ಸಣ್ಣ ಈರುಳ್ಳಿ ಊರುತ್ತ ಒಂದೇ ಸಮನೆ ಮುಂದೆ ಸಾಗುತ್ತಿದ್ದರು. ಶಿವರಂಜಿನಿಯ ಬೆರಳಿಗೆ ಕಲ್ಲೊಂದು ಸಿಕ್ಕಿತ್ತು. ಅದನ್ನು ಕಿತ್ತೇ ಮುಂದಿನದನ್ನು ಊರಬೇಕೆಂದು ಉಗುರು ನೋಯುವಷ್ಟು ಕೆರೆಯುತ್ತಿದ್ದಳು. ಜೊತೆಯವಳು ನಿಂತರೆ ತಾನೂ ನಿಲ್ಲುವುದು ಈ ಕೆಲಸದ ವಾಡಿಕೆ. ಒಂದು ಜೋಡಿ ನಿಂತರೆ ಸಾಲೇ ನಿಲ್ಲುತ್ತದೆ.

"ಡಾಕ್ಟ್ರಾಗೋ ಕೂಸು, ಕಲ್ಗೆ ಆಪ್ರೇಸನ್ ಮಾಡ್ತಾವ್ಳೆ ಬುಡಿ" ಎಂದಳು ನಾಗರತ್ನ. ಎಲ್ಲರೂ ನಕ್ಕರು.

"ನಾನಾಗೋದು ಆ ಡಾಕ್ಟ್ರಲ್ಲ ಕಣಕ್ಕ" ಎಂದು ಶಿವರಂಜಿನಿಯೂ ನಕ್ಕಳು. ಯಾವ ಡಾಕ್ಟರೂ ಆಗದೆ ಹೋಗಬಹುದೆಂದು ಅವಳು ಇನ್ನೂ ಮನೆಯಲ್ಲಿ ಹೇಳಿರಲಿಲ್ಲ.

ಚಾಮರಾಜನಗರದಲ್ಲಿ ಡಿಗ್ರಿ, ಎಂಎಸ್ಸಿ ಮುಗಿಸಿ, ಪಿಎಚ್‌ಡಿಗೆಂದು ಮೈಸೂರಿನ ಲ್ಯಾಬು ಸೇರಿ ಮೂರು ವರ್ಷವಾಗಿತ್ತು. ಜೀವಕೋಶ ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಔಷಧಿ ಹಾಕಿ ಕಾಡಿಸಿದರೆ ಆ ನಕಲು ಹೇಗೆ ಸಾಗುತ್ತದೆ ಎಂಬುದು ಅವಳ ಸಂಶೋಧನೆ. ನಕಲಾದಷ್ಟು ಉದ್ದ ಸೂಕ್ಷ್ಮದರ್ಶಕದಡಿ ಹಸಿರು ಗೆರೆಯಾಗಿ ಕಾಣುತ್ತದೆ. ಔಷಧಿ ಬಿದ್ದ ಮೇಲೆ ನಕಲು ತಡೆದು ನಿಂತು ಗೆರೆ ಗಿಡ್ಡವಾಗಬೇಕು. ಅವಳ ಕೋಶಗಳಲ್ಲಿ ಆಗುತ್ತಿರಲಿಲ್ಲ. ಔಷಧಿಯೇ ಕೆಟ್ಟಿರಬೇಕೆಂದು ಗೈಡ್ ಹೇಳಿದ್ದರು. ಈ ವಿಷಯವನ್ನು ಕೈಬಿಡುವುದೋ ಬೇಡವೋ ಎಂದು ಸೋಮವಾರ ಸಮಿತಿ ತೀರ್ಮಾನಿಸಲಿತ್ತು. ಇದು ಶನಿವಾರ. ಲ್ಯಾಬಿನಲ್ಲಿ ಕೂರಲಾರದೆ ಗುಂಡ್ಲುಪೇಟೆ ಬಸ್ಸು ಹತ್ತಿ ಅಲ್ಲಿಗೆ ಹತ್ತಿರದ ತನ್ನೂರು ಮದ್ದೂರಿಗೆ ಬಂದವಳು, ಅವ್ವನ ಹಿಂದೆ ದೊರೆಸ್ವಾಮಿಯ ಹೊಲಕ್ಕೂ ಬಂದಿದ್ದಳು.

"ಬುಟ್ಟು ಬಾ" ಎಂದಳು ಮೂಗಮ್ಮ. "ಕಲ್ಲಿರೋ ತಾವ ಬುಟ್ಬುಟ್ಟು ಮುಂದ್ಕೆ ಊರು. ಆಮೇಕೆ ಒಬ್ಳು ಇಂದ್ಕೆ ಬಂದು ತುಂಬ್ತಾಳೆ."

"ಅಲ್ಲೀಗಂಟ ಖಾಲೀನಾ?"

"ಊ ಕಣಮ್ಮಿ. ಬದುವಿನ ಮ್ಯಾಲೆ ನಿಂತು ನೋಡುದ್ರೆ ಸಾಲು ತುಂಬದೆ ಅನ್ಸುತ್ತೆ. ಮರ್ತು ನೀರು ಬುಟ್ರೆ ಗೊತ್ತಾಯ್ತದೆ. ಕಲ್ ಸುತ್ತ ಮಣ್ಣು ಸಡ್ಲ, ಒಂದು ಬದಿ ಪೊಳ್ಳಲ್ವಾ, ಅಲ್ಲಲ್ಲೇ ದಿಂಡು ಕಿತ್ಕಂಡು ಓಯ್ತದೆ."

ಶಿವರಂಜಿನಿ ಎದ್ದು ನಿಂತಳು. ಮಡಿಲಿನ ಈರುಳ್ಳಿ ಕಾಲ ಮೇಲೆ ಚೆಲ್ಲಿತು.

"ಅವ್ವ, ಈಗೇನಂದೆ? ಇನ್ನೊಂದ್ಸಲ ಏಳು."

"ಏನ ಏಳ್ಲಿ? ಈರುಳ್ಳಿ ಚೆಲ್ಬುಟ್ಟಲ್ಲಮ್ಮಿ!"

ಅವಳಾಗಲೇ ಓಡುತ್ತಿದ್ದಳು. ಆ ಹೊಲದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಮಾತ್ರ. ಹತ್ತಿ ನಿಂತು, ಲ್ಯಾಬಿನ ಗೆಳತಿ ಶೃತಿಗೆ ಫೋನು ಮಾಡಿದಳು.

"ಶೃತಿ, ನಕಲು ನಿಲ್ತಾನೇ ಇಲ್ಲ ಕಣೇ! ತೊಡಕಾದ ಕಡೆ ಬಿಟ್ಟು ಮುಂದೆ ಹೋಗ್ತಿದೆ. ಅದಕ್ಕೇ ಗೆರೆ ಉದ್ದ!"

"ಎಲ್ಲಿದ್ದೀಯಾ ನೀನು?"

"ಈರುಳ್ಳಿ ಹೊಲದಲ್ಲಿ. ಕೇಳಿಲ್ಲಿ. ಫ್ರೀಜರಲ್ಲಿ ಆ ಕಿಣ್ವ ಇದೆಯಲ್ಲ, ಡಿಎನ್‌ಎ ಎರಡೆಳೇಲಿ ಒಂದೆಳೆ ಇಲ್ಲದ ಕಡೆ ಮಾತ್ರ ಕತ್ತರಿಸೋದು? ಗೆರೆ ನೋಡೋ ಮುಂಚೆ ಅದನ್ನ ಹಾಕು. ಔಷಧಿ ಕೆಟ್ಟಿದ್ರೆ ಗೆರೆ ಹಾಗೇ ಇರುತ್ತೆ. ನಡುವೆ ಖಾಲಿ ಬಿಟ್ಟಿದ್ರೆ ತುಂಡಾಗುತ್ತೆ."

"ಶಿವೂ, ನಾಳೆ ಭಾನುವಾರ ಕಣೇ."

"ಗೊತ್ತು."

"ಬರುವಾಗ ಈರುಳ್ಳಿ ತಗೊಂಡು ಬಾ."

ತಿರುಗಿ ಬಂದವಳನ್ನು ಗುರುಮಲ್ಲಮ್ಮ ಬಿಡಲಿಲ್ಲ. "ಯಾರಮ್ಮಿ, ಅಷ್ಟೊಂದ್ ಓಡೋದೆ? ಗಂಡು ಒಪ್ಕಂಡ್ನಾ?"

"ಒಪ್ತೋ ಇಲ್ವೋ ನಾಳೆ ಗೊತ್ತಾಯ್ತದೆ ಕಣತ್ತೆ" ಎಂದಳು ಶಿವರಂಜಿನಿ. ಸಂಜೆಯವರೆಗೆ ಅವಳ ಕೈ ಎಲ್ಲಿಯೂ ನಿಲ್ಲಲಿಲ್ಲ. ಕಲ್ಲು ಸಿಕ್ಕಿದರೆ ಬಿಟ್ಟಳು, ಮುಂದೆ ಊರಿದಳು.

ಭಾನುವಾರ ಮಧ್ಯಾಹ್ನಕ್ಕೆ ನಾಟಿ ಮುಗಿಯಿತು. ಬಿಟ್ಟ ಜಾಗ ತುಂಬಲು ಮೂಗಮ್ಮ ಮಗಳ ಮಡಿಲಿಗೆ ಈರುಳ್ಳಿ ಸುರಿದಳು. ಬೆಳಗಿನಿಂದ ತೊಟ್ಟಿಯ ಕಟ್ಟೆಯ ಮೇಲಿದ್ದ ಫೋನು, ಅವಳು ಎರಡು ದಿಂಡು ಮುಗಿಸುವಷ್ಟರಲ್ಲಿ ಸದ್ದು ಮಾಡಿತು.

ಶೃತಿ ಕಿಣ್ವ ಹಾಕಿ ತೆಗೆದ ಎರಡು ಚಿತ್ರ ಕಳಿಸಿದ್ದಳು. ಮೊದಲನೆಯದು ಔಷಧಿ ಹಾಕದ ಕೋಶ: ಕಪ್ಪಿನ ಮೇಲೆ ಉದ್ದುದ್ದ ಹಸಿರು ಗೆರೆಗಳು. ಎರಡನೆಯದು ಔಷಧಿ ಹಾಕಿದ್ದು: ಬರೀ ಚೂರು. ಕೆಳಗೆ, "ನೂರಿಪ್ಪತ್ತು ಅಳೆದೆ. ಹೆಚ್ಚುಕಮ್ಮಿ ಎಲ್ಲಾ ತುಂಡು. ಸರ್‌ಗೂ ಕಳಿಸಿದೆ. ಕೂಡಲೇ ಫೋನ್ ಮಾಡಿ, ನಾಳೆ ಸಮಿತಿಗೆ ಇದನ್ನೇ ಮೊದಲು ತೋರಿಸಲಿ ಅಂದ್ರು."

ಶಿವರಂಜಿನಿ ಕಟ್ಟೆಯ ಮೇಲಿನಿಂದಲೇ ಕಿರುಚಿದಳು. "ಅವ್ವಾ! ತುಂಡಾಯ್ತು ಕಣವ್ವಾ!"

"ಅಯ್ಯೋ, ಏನಮ್ಮಿ ತುಂಡಾದ್ದು?" ಮೂಗಮ್ಮ ಗಾಬರಿಯಿಂದ ಓಡಿಬಂದಳು.

"ತುಂಡಾದ್ದುಕ್ಕೆ ಇಂಗೂ ಕುಣೀತಾರಾ, ಓದ್ದೋರು?" ಎಂದಳು ಹಿಂದೆಯೇ ಬಂದ ಗುರುಮಲ್ಲಮ್ಮ.

ಶಿವರಂಜಿನಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಮೂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ಬಿಸಿಲಿಗೆ ಮರೆಮಾಡಿ ಹಿಡಿದಳು. "ಎಲ್ಲಿ ಬುಟ್ಟವೆ, ತೋರ್ಸು" ಎಂದು ಒಂದೊಂದೇ ಚೂರಿನ ಮೇಲೆ ಬೆರಳಿಟ್ಟು ನೋಡಿದಳು. ಗಾಜಿನ ಮೇಲೆ ಕೆಂಪು ಮಣ್ಣು ಉಳಿಯಿತು.

"ಸರಿ, ಆಮೇಕೆ ಯಾರು ತುಂಬ್ತಾರೆ?"

ಶಿವರಂಜಿನಿ ಜೋರಾಗಿ ನಕ್ಕಳು. "ಗೊತ್ತಿಲ್ಲ ಕಣವ್ವ. ಅದ್ನೇ ಉಡುಕ್ಬೇಕು ಇನ್ನ."

ಮೋಟರಿನ ಹತ್ತಿರದಿಂದ ದೊರೆಸ್ವಾಮಿ ಕೂಗಿದ. "ಮೂಗಮ್ಮ, ನೀರು ಬುಡ್ಲಾ?"

"ತಡೀರಪ್ಪ, ಇನ್ನೂ ಒಂದು ದಿಂಡು ಅದೆ!"

ಶಿವರಂಜಿನಿ ಮಡಿಲು ಎತ್ತಿ ಕಟ್ಟಿಕೊಂಡು ಇಳಿದು ಓಡಿದಳು. ಶನಿವಾರ ತಾನೇ ಕೆರೆದಿದ್ದ ಕಲ್ಲು ಅಲ್ಲೇ ಇತ್ತು. ಅದನ್ನು ಕಿತ್ತು ಎಸೆದು, ಗುಂಡಿಗೆ ಮಣ್ಣು ಎಳೆದು, ಈರುಳ್ಳಿ ಊರಿ ಹೆಬ್ಬೆರಳಿನಿಂದ ಒತ್ತಿದಳು. ಬಿಟ್ಟ ಜಾಗಗಳಲ್ಲಿ ಅದೇ ಕೊನೆಯದು. ಮೂಗಮ್ಮ ಕೈ ಬೀಸಿದ್ದೇ ನೀರು ಬಂತು. ಒಣಗಿದ ಎಲೆಗಳನ್ನು ತಳ್ಳಿಕೊಂಡು, ದಿಂಡಿನ ಬುಡವನ್ನು ಕಪ್ಪಾಗಿಸುತ್ತ ಬಂದು, ಅವಳ ಹಿಮ್ಮಡಿ ಸುತ್ತಿ ಮುಂದಕ್ಕೆ ಹರಿಯಿತು.