ಅಕ್ಕನ ಮಜ್ಜೆ

ಸೆಮಿಸಿಯ ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಒಳ್ಳೆಯ ಚಾಪೆಯೂ ಸುಟ್ಟ ಹಂದಿಯ ಬೆನ್ನೂ ಮೊದಲು ಹೋಗುವುದು ಅವನ ಅಕ್ಕ ಮೆಲೆನೈಟೆಗೆ. ತಮ್ಮನಾದವನು ಇಲ್ಲ ಅನ್ನುವಂತಿಲ್ಲ, ಅವಳೆದುರು ತಮಾಷೆ ಮಾಡುವಂತಿಲ್ಲ. ಅವನು ಮಲಗುವ ಕೋಣೆಗೆ ಅವಳೂ ಕಾಲಿಡುವಂತಿಲ್ಲ. ಟೊಂಗಾದ ಈ ಕಟ್ಟಳೆಯಲ್ಲಿ ಕೊನೆಯದೊಂದು ಬಿಟ್ಟು ಮಿಕ್ಕದ್ದೆಲ್ಲ ಮೆಲೆನೈಟೆಗೆ ಬಲು ರುಚಿ.

ಸೆಮಿಸಿಯ ಮೂಳೆಯೊಳಗಿನ ಮಜ್ಜೆ ಕೆಟ್ಟು ರಕ್ತ ಹುಟ್ಟುವುದೇ ನಿಂತಾಗ ಹೊಂದಿಕೆಯಾದದ್ದು ಅಕ್ಕನ ಮಜ್ಜೆ ಒಂದೇ. ಆಕ್ಲೆಂಡಿನ ಆಸ್ಪತ್ರೆಯಲ್ಲಿ ಅವಳ ಸೊಂಟದಿಂದ ಅದನ್ನು ತೆಗೆದು ತಮ್ಮನ ನರಕ್ಕೆ ಹನಿಹನಿಯಾಗಿ ಬಿಟ್ಟರು. ಕಟ್ಟಳೆ ಇಲ್ಲೂ ಬಿಡದು; ಅಂದಿನಿಂದ ಅವಳ ವಾಸ ಕೋಣೆಯ ಹೊರಗಿನ ಬೆಂಚಿನ ಮೇಲೆ. ಸುದ್ದಿ ತರುವವಳು ಸೆಮಿಸಿಯ ಹೆಂಡತಿ ಲೆಸಿಯೆಲಿ.

"ನರಕ್ಕೆ ಬಿಟ್ರೆ ಮೂಳೆಗೆ ದಾರಿ ಯಾರು ತೋರಿಸ್ತಾರೆ?"

"ಯಾರೂ ಬೇಡ್ವಂತೆ ಅತ್ತಿಗೆ. ಮಜ್ಜೆಯ ಕಣಗಳು ತಾವೇ ಹುಡುಕ್ಕೊಂಡು ಹೋಗಿ ಕೂತ್ಕೊಳ್ತಾವಂತೆ. ಕೆಂಪು ಕಣ, ಬಿಳಿ ಕಣ ಎಲ್ಲಾ ಅಲ್ಲೇ ಹಡೀತಾವಂತೆ."

"ಹೇಳದೆ ಕೇಳದೆ ನುಗ್ಗಿ ಒಳ್ಳೆ ಜಾಗ ಹಿಡೀತಾವೆ ಅನ್ನು!"

"ನಿಮ್ಮವಲ್ವಾ ಮತ್ತೆ," ಎಂದು ಲೆಸಿಯೆಲಿ ಮುಖ ಆಚೆ ತಿರುಗಿಸಿದಳು.

ಕೆಲವು ವಾರಗಳಲ್ಲಿ ಹೊಸ ಕಣಗಳು ಹುಟ್ಟತೊಡಗಿದವು. ಮೆಲೆನೈಟೆ ಕಂಡಕಂಡವರಿಗೆಲ್ಲ ಅದನ್ನು ಕೊಚ್ಚಿಕೊಂಡಳು. ಅಷ್ಟರಲ್ಲಿ ಸೆಮಿಸಿಯ ಅಂಗೈ, ಅಂಗಾಲು ಕೆಂಪಾಗಿ ಸುಲಿಯತೊಡಗಿದವು.

"ನಿಮ್ಮ ಬಿಳಿ ಕಣಗಳು ಅವರ ಮೈಯನ್ನೇ ಪರಕೀಯ ಅಂತ ತಿಳಿದು ಜಗಳಕ್ಕೆ ನಿಂತಿವೆ," ಎಂದರು ಡಾಕ್ಟರಮ್ಮ. "ಔಷಧಿಗೆ ಬಗ್ಗಿದ್ರೆ ಸರಿ. ಹೆಚ್ಚಾದ್ರೆ ಜೀವಕ್ಕೇ ಅಪಾಯ."

ಬೆಂಚಿನ ಮೇಲಿದ್ದ ನೆಂಟರಲ್ಲಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ಮೆಲೆನೈಟೆ ಮಾತ್ರ ಬೆಂಚಿನಿಂದ ಎದ್ದು ನಿಂತಳು. ಹಾಗಾದರೆ ತಮ್ಮನನ್ನು ಕೊಲ್ಲುವವಳು ತಾನೇ! ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕೈ ತೊಳೆದು, ಬಾಯಿಗೆ ಮಾಸ್ಕ್ ಕಟ್ಟಿ, ಲೆಸಿಯೆಲಿ "ಅತ್ತಿಗೆ, ಅತ್ತಿಗೆ!" ಅನ್ನುವುದರೊಳಗೆ ತಮ್ಮನ ಕೋಣೆಗೆ ನುಗ್ಗಿದಳು.

ಕಣ್ಣು ಮುಚ್ಚಿ ಮಲಗಿದ್ದವನ ಮೊಣಕಾಲಿನ ಹತ್ತಿರ ಬಗ್ಗಿ, ಮೂಳೆಯ ಒಳಗಿರುವ ತನ್ನವರನ್ನು ತರಾಟೆಗೆ ತೆಗೆದುಕೊಂಡಳು:

"ಲೇ, ಕೇಳಿಸ್ಕೊಳ್ರೇ! ಇದು ನಿಮ್ಮಪ್ಪನ ಮನೆ ಅಲ್ಲ. ನೆಂಟರ ಥರ ತೆಪ್ಪಗೆ ಕೂತು ಹಾಕಿದ್ದು ತಿನ್ನಿ. ಮನೆಯವನು ಬಾಯಿಲ್ಲದೋನು ಅಂತ ತಲೆ ಮೇಲೆ ಹತ್ತಿ ಕೂತ್ಕೋಬೇಡಿ. ನಾಚಿಕೆ ಆಗಲ್ವಾ ನಿಮಗೆ?"

ಮಂಚ ಅಲುಗಿತು. ಜ್ವರದ ನಡುಕವೆಂದು ಅವಳು ಹೆದರಿದಳು. ನೋಡಿದರೆ ಸೆಮಿಸಿ ನಗುತ್ತಿದ್ದ.

"ಅಕ್ಕಾ," ಎಂದ, ಸಣ್ಣ ದನಿಯಲ್ಲಿ. "ಈ ಮಾತನ್ನ ನಿಮಗೆ ಹೇಳ್ಬೇಕು ಅಂತ ಹುಟ್ಟಿದಾಗಿಂದ ಕಾಯ್ತಿದ್ದೆ."

"ಹೇಳೋಕೇನಾಗಿತ್ತೋ ನಿಂಗೆ?"

"ಧೈರ್ಯ ಬೇಡ್ವಾ? ನಿಮ್ಮ ರಕ್ತ ಬಂದಿರೋದು ಈಗ ತಾನೇ."