ಕೊರೀನಾಳ ನಾಲ್ಕು ಚಿಲುಮೆಗಳು

ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಿಂದ ಸರ್ರ್, ಸರ್ರ್ ಎಂಬ ಸಣ್ಣ ಸದ್ದು ಬಂತು. ಇಲಿಯಲ್ಲ. ಪ್ಲಾಸ್ಟಿಕ್ ಕವಚ ತೊಡಿಸಿದ ಕಾರ್ಡುಗಳನ್ನು ಕಲೆಸುವ ಸದ್ದು. ಹನ್ನೊಂದು ವರ್ಷ ಅದನ್ನೇ ಕೇಳಿದ ಕಿವಿ ನನ್ನದು, ತಪ್ಪುವುದಿಲ್ಲ. ಅರವತ್ತು ಕಾರ್ಡಿನ ಪೂರ್ತಿ ಕಟ್ಟು, ಹೊಸ ಕವಚ, ಇನ್ನೂ ಪಳಗದ ಕೈ. ನನ್ನ ತಂಗಿ ಕೊರೀನಾ ಮರುದಿನದ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದಳು.

ಬೇಕಾದ ಕಾರ್ಡು ಆರಿಸಿ ಕಟ್ಟು ಮಾಡಿ, ಚಿತ್ರದ ಪ್ರಾಣಿಗಳನ್ನು ಕಾದಾಡಿಸುವ ಈ ಆಟ ಅವಳು ಕಲಿಯಲು ಶುರು ಮಾಡಿ ಆರು ವಾರವಾಗಿತ್ತು, ಅಷ್ಟೇ.

ನಮ್ಮ ಬಂದರು ಊರು ರಿಯೇಕಾದ ಮೀನು ಮಾರುಕಟ್ಟೆಯ ಹಿಂದೆ ಎಜಿದಿಯೊ ಅವರ ಕಾರ್ಡಿನ ಅಂಗಡಿಯಿದೆ. ನಾವೆಲ್ಲ ಅವರನ್ನು ಬಾರ್ಬಾ ಎನ್ನುತ್ತೇವೆ, ಊರಿನ ಹಿರಿಯರನ್ನು ಕರೆಯುವ ಹಾಗೆ. ಆ ಅಂಗಡಿಯಲ್ಲಿ ಒಂದು ಪದ್ಧತಿ. ಹೊಸಬರು ಬಂದರೆ ಹಳಬರಲ್ಲೊಬ್ಬರು ಜೊತೆಗೆ ಕೂತು ಅವರ ಮೊದಲ ಕಟ್ಟನ್ನು ಕಟ್ಟಿಸಬೇಕು, ಡಬ್ಬಿಯ ಮುಚ್ಚಳದ ಒಳಗೆ ತಮ್ಮ ಹೆಸರು ಬರೆಯಬೇಕು. ಅಂದಿನಿಂದ ಅವರು ಆ ಕಟ್ಟಿನ ಕುಮ್. ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವವರಿಗೂ ನಮ್ಮಲ್ಲಿ ಅದೇ ಹೆಸರು. ಕಟ್ಟು ಕೆಟ್ಟದಾಗಿ ಸೋತರೆ ಜನ ನಗುವುದು ಕುಮ್‌ನನ್ನು ನೋಡಿ. ಕುಮ್‌ಗೆ ಹೇಳದೆ ಕಟ್ಟು ಬದಲಿಸಿದರೆ ಅವರು ತಮ್ಮ ಹೆಸರನ್ನು ಹೊಡೆದುಹಾಕಬಹುದು. ಕುಮ್‌ಗೆ ತಿಳಿಯದಂತೆ ಎದುರಾಳಿಯೇ ಹಾಗೆ ಬದಲಿಸಲು ಹೇಳಿಕೊಟ್ಟಿದ್ದರೆ, ಅವರ ಗೆಲುವು ಸೋತವರಿಗೆ ಹೋಗುತ್ತದೆ.

ನಾನು ಮೊದಲ ಸಲ ಹೋದಾಗ ಬಾರ್ಬಾ ಅವರನ್ನೇ ಕೇಳಿದ್ದೆ. ತಲೆಯೆತ್ತದೆ, "ನನಗೀಗ ಅದೆಲ್ಲ ಆಗಲ್ಲ, ಸಿಲ್ವಾನೊನ ಕೇಳು" ಅಂದಿದ್ದರು. ಅವರಿಗೆ ಆ ಕೆಲಸ ಸಾಕಾಗಿದೆ ಎಂದು ನಾನು ಹನ್ನೊಂದು ವರ್ಷ ನಂಬಿಕೊಂಡಿದ್ದೆ.

ಕೊರೀನಾ ಬಂದ ದಿನ ಅವರು ಕನ್ನಡಕ ಒರೆಸಿಕೊಂಡು ಎರಡು ಗಂಟೆ ಅವಳೆದುರು ಕೂತರು. ಮೂರು ಮೇಜು ಆಚೆ ನಿಯಮದ ಪುಸ್ತಕ ಹಿಡಿದು ನಾನು ಪ್ರತಿ ಮಾತನ್ನೂ ಕೇಳಿಸಿಕೊಂಡೆ.

"ಚಿತ್ರ ಚೆನ್ನಾಗಿದೆ ಅಂತ ಕಾರ್ಡು ತಗೋಬೇಡ ಮಗಳೇ. ಕಟ್ಟಿಗೆ ಒಂದೇ ಯೋಚನೆ ಇರ್ಬೇಕು. ಬೇಗ ಮುಗಿಸ್ತೀಯಾ, ಕಾದು ಹೊಡೀತೀಯಾ, ಯಾವ್ದಾದ್ರೂ ಒಂದು."

"ಎರಡೂ ಆಗಲ್ವಾ ಬಾರ್ಬಾ?"

"ಎರಡು ದೋಣೀಲಿ ಕಾಲಿಟ್ಟೋರು ಎಲ್ಲಿ ಬೀಳ್ತಾರೆ, ಹೋಗಿ ಬಂದರಿನಲ್ಲಿ ಕೇಳು. ಸಣ್ಣ ಪ್ರಾಣಿಗಳು ಜಾಸ್ತಿ ಇರ್ಲಿ, ದೊಡ್ಡವು ನಾಲ್ಕೈದು ಸಾಕು. ನೀರಿನ ಚಿಲುಮೆ ಕಾರ್ಡು ಮಾತ್ರ ಇಪ್ಪತ್ನಾಲ್ಕು ಇರ್ಲೇಬೇಕು. ಹೊಸಬ್ರೆಲ್ಲ ಮೊದಲು ತೆಗೆದುಹಾಕೋದೇ ಅದನ್ನ. ನೋಡೋಕೆ ಏನೂ ಮಾಡಲ್ಲ ಅನ್ಸುತ್ತೆ. ಚಿಲುಮೆ ಇಲ್ದಿದ್ರೆ ಪ್ರಾಣಿಗೆ ನೀರು ಯಾರು ಕೊಡ್ತಾರೆ?"

ಆಮೇಲೆ ಅವರು ಮುಚ್ಚಳದಲ್ಲಿ ತಮ್ಮ ಹೆಸರು ಬರೆದರು, ದೊಡ್ಡ ಅಕ್ಷರದಲ್ಲಿ. ಅಲ್ಲಿಂದ ಆ ಹುಡುಗಿ ಪ್ರತಿ ಶನಿವಾರ ಗೆಲ್ಲತೊಡಗಿದಳು. ಸೋತರೂ ನಗುತ್ತಿದ್ದಳು. ನಾನು ಗೆದ್ದಾಗಲೂ ಹಾಗೆ ನಕ್ಕಿದ್ದು ನೆನಪಿಲ್ಲ.

ಮರುದಿನದ ಪಂದ್ಯ ಗೆದ್ದವರಿಗೆ ನಮ್ಮ ಅಂಗಡಿಯ ಕೂಟದ ತಂಡದಲ್ಲಿ ನಾಲ್ಕನೆಯ ಜಾಗ. ವಸಂತದಲ್ಲಿ ರಾಜಧಾನಿ ಜಾಗ್ರೆಬ್‌ನ ದೊಡ್ಡ ಪಂದ್ಯಕ್ಕೆ ಹೋಗುವ ತಂಡ ಅದು. ಆ ಜಾಗಕ್ಕಾಗಿ ಮೂರು ವರ್ಷ ಆಡಿ, ಮೂರು ವರ್ಷವೂ ಎರಡನೆಯವಳಾಗಿದ್ದೆ.

ಎದ್ದು ಅಡುಗೆಮನೆಗೆ ಹೋದೆ.

"ಎಬ್ಬಿಸ್ಬಿಟ್ನಾ?" ಕೊರೀನಾ ಕಾಲು ಮಡಚಿ ಕುರ್ಚಿಯಲ್ಲಿ ಕೂತಿದ್ದಳು. "ಬಾ ನೆವಿ, ನೋಡು. ಬರೀ ಚಿಲುಮೇನೇ ಕೈಗೆ ಬರ್ತಾ ಇದೆ. ಏಳು ಕಾರ್ಡಲ್ಲಿ ಐದು! ಎರಡು ಸಲ ಹೀಗೇ ಆಯ್ತು."

ಎರಡು ಸಲವೇನು, ಹತ್ತು ಸಲವೂ ಹಾಗಾಗಬಹುದು. ಐವತ್ತು ಸಲ ಕಲೆಸಿ ನೋಡಿದ ಮೇಲೆ ಮಾತಾಡು ಎಂದು ಯಾವ ಹೊಸಬರಿಗಾದರೂ ಹೇಳುತ್ತಿದ್ದೆ. ಅದೇ ಮಾತು ನಾಲಿಗೆಯವರೆಗೂ ಬಂದಿತ್ತು.

"ನಾಲ್ಕು ತೆಗೆದುಬಿಡು," ಅಂದೆ. "ಇಪ್ಪತ್ತು ಸಾಕು."

"ಬಾರ್ಬಾ ಇಪ್ಪತ್ನಾಲ್ಕು ಅಂದಿದ್ರು."

"ಅದು ಕಲಿಯೋರಿಗೆ. ನೀನಿನ್ನೂ ಕಲಿಯೋಳಾ?"

ಅವಳ ಮುಖ ಅರಳಿತು. ಆ ಮಾತಿಗೆ ಅರಳುತ್ತದೆಂದು ನನಗೆ ಗೊತ್ತಿತ್ತು. ನಾಲ್ಕು ಚಿಲುಮೆ ತೆಗೆದು, ನಾಲ್ಕು ದೊಡ್ಡ ಆಕ್ಟೋಪಸ್ ಸೇರಿಸಿದಳು.

"ಈ ಚಿಲುಮೇನ ನೀನೇ ಇಟ್ಕೊ. ನನ್ಹತ್ರ ಇದ್ರೆ ಬೆಳಿಗ್ಗೆ ಹೆದರಿ ವಾಪಸ್ ಸೇರಿಸ್ಬಿಡ್ತೀನಿ."

ತೆಗೆದುಕೊಂಡು ನಿಲುವಂಗಿಯ ಜೇಬಿಗೆ ಹಾಕಿಕೊಂಡೆ.

ಮರುದಿನ ಅವಳು ಮೊದಲ ಎರಡು ಸುತ್ತು ಗೆದ್ದುಬಿಟ್ಟಳು. ಅದೃಷ್ಟವೂ ಅವಳದೇ ಎಂದು ಹೊಟ್ಟೆ ಉರಿಯಿತು. ಕೊನೆಯ ಸುತ್ತಿನಲ್ಲಿ ನಾವಿಬ್ಬರೇ ಎದುರುಬದುರಾದೆವು.

ಅವಳಿಗೆ ಎರಡು ಚಿಲುಮೆ ಬಂದವು, ಆಮೇಲೆ ನಿಂತವು. ಒಂದು ಆಕ್ಟೋಪಸ್ ಆಟಕ್ಕಿಳಿಸಲು ಆರು ಚಿಲುಮೆ ಬೇಕು. ಪ್ರತಿ ಸರದಿಯಲ್ಲೂ ಅವಳು ಒಂದು ಕಾರ್ಡು ತೆಗೆದು ನೋಡಿ, ಕೈಗೆ ಸೇರಿಸಿಕೊಂಡು, "ನೀನಾಡು" ಅನ್ನುತ್ತಿದ್ದಳು. ನನ್ನ ಸಣ್ಣ ತೋಳಗಳು ಎಂಟನೆಯ ಸರದಿಯಲ್ಲಿ ಆಟ ಮುಗಿಸಿದವು. ಅವಳ ಕೈಯಲ್ಲಿ ನಾಲ್ಕು ಆಕ್ಟೋಪಸ್‌ಗಳು ಹಾಗೇ ಉಳಿದಿದ್ದವು.

ನನ್ನ ಕಟ್ಟಿನ ಕುಮ್ ಸಿಲ್ವಾನೊ ಹಿಂದಿನಿಂದ ಕೂಗಿದ. "ಏನ್ ಬಾರ್ಬಾ, ಮಗೂಗೆ ಸ್ನಾನ ಮಾಡಿಸಿದ್ರಿ, ಕುಡಿಯೋಕೆ ನೀರೇ ಕೊಟ್ಟಿಲ್ವಲ್ಲ! ವಯಸ್ಸಾಯ್ತು ಬಿಡಿ ನಿಮಗೆ."

ಅಂಗಡಿಯೆಲ್ಲ ನಕ್ಕಿತು. ಬಾರ್ಬಾ ನಗಲಿಲ್ಲ. ಅವಳ ಕಟ್ಟನ್ನು ಮೇಜಿನ ಮೇಲೆ ಹರಡಿ ಚಿಲುಮೆಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಇಪ್ಪತ್ತು," ಅಂದರು. "ಯಾರು ಹೇಳಿದ್ದು?"

ಕೊರೀನಾ ನನ್ನ ಕಡೆ ನೋಡಲಿಲ್ಲ. ನೋಡದೇ ಇರಲು ಅವಳು ಎಷ್ಟು ಕಷ್ಟಪಡುತ್ತಿದ್ದಾಳೆಂಬುದು ನನಗೆ ಮಾತ್ರ ಕಂಡಿತು.

"ಯಾರೂ ಇಲ್ಲ ಬಾರ್ಬಾ. ನಂದೇ ಬುದ್ಧಿ."

ಅವರು ಮುಚ್ಚಳ ತೆರೆದು, ಕಿವಿಯ ಹಿಂದಿದ್ದ ಪೆನ್ನು ತೆಗೆದು, ತಮ್ಮ ಹೆಸರಿನ ಮೇಲೆ ನಿಧಾನಕ್ಕೆ ಒಂದು ಗೆರೆ ಎಳೆದರು. ಆಮೇಲೆ ನನ್ನತ್ತ ತಿರುಗಿದರು.

"ಚೆನ್ನಾಗಿ ಆಡಿದೆ ನೆವಿಯಾ. ಜಾಗ್ರೆಬ್‌ಗೆ ಬೆಚ್ಚನೆ ಬಟ್ಟೆ ತಗೊಂಡು ಬಾ."

ಹನ್ನೊಂದು ವರ್ಷ ಕಾದ ಮಾತು. ತಲೆಯಾಡಿಸಿ ನನ್ನ ಕಾರ್ಡುಗಳನ್ನು ಡಬ್ಬಿಗೆ ತುಂಬಿದೆ.

ಹೊರಗೆ ಬೂರಾ, ಬೆಟ್ಟದಿಂದ ಇಳಿಯುವ ಕೊರೆಯುವ ಗಾಳಿ, ಬೀಸುತ್ತಿತ್ತು. ಬಸ್ಸಿನಲ್ಲಿ ಕೊರೀನಾ ಕಾಗದದ ಪೊಟ್ಟಣದಿಂದ ಸಕ್ಕರೆ ಉದುರಿಸಿದ ಫ್ರಿತುಲೆಗಳನ್ನು, ಎಣ್ಣೆಯಲ್ಲಿ ಕರಿದ ಆ ಸಣ್ಣ ಉಂಡೆಗಳನ್ನು, ಒಂದೊಂದಾಗಿ ತಿನ್ನುತ್ತಿದ್ದಳು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?" ಮೂರು ನಿಲ್ದಾಣ ದಾಟಿದ ಮೇಲೆ ನಾನೇ ಕೇಳಿದೆ.

"ಹೇಳಿದ್ರೆ ನಿನ್ನ ಜಾಗ ಹೋಗ್ತಿತ್ತು. ಅದಕ್ಕೋಸ್ಕರ ಎಷ್ಟು ವರ್ಷದಿಂದ ಸಾಯ್ತಿದ್ದೀಯ ಅಂತ ಮನೇಲಿ ನಾನು ನೋಡಿಲ್ವಾ?" ಬೆರಳಿನ ಸಕ್ಕರೆ ನೆಕ್ಕಿಕೊಂಡಳು. "ನೀನು ತಿಳೀದೆ ಹೇಳಿದ್ಯೋ, ತಿಳಿದೇ ಹೇಳಿದ್ಯೋ, ನಾನು ಕೇಳಲ್ಲ ನೆವಿ. ನೀನೂ ಹೇಳ್ಬೇಡ." ಕೊನೆಯ ಫ್ರಿತುಲೆಯನ್ನು ನನ್ನತ್ತ ಚಾಚಿದಳು. "ತಗೋ, ಆರೋಗುತ್ತೆ."

ಮನೆಗೆ ಬಂದು ನಿಲುವಂಗಿ ಹಾಕಿಕೊಂಡಾಗ ಜೇಬಿನಲ್ಲಿ ನಾಲ್ಕು ಕಾರ್ಡು ಕೈಗೆ ತಗುಲಿದವು. ನಾಲ್ಕರಲ್ಲೂ ಒಂದೇ ಚಿತ್ರ, ಕಲ್ಲಿನ ಸಂದಿಯಿಂದ ಚಿಮ್ಮುವ ನೀರು. ಅಂಗಡಿ ಎಂಟಕ್ಕೆ ಮುಚ್ಚುತ್ತದೆ. ಗಂಟೆ ಏಳೂ ನಲವತ್ತು. ಫೋನು ಕೈಯಲ್ಲೇ ಇತ್ತು. ನಾನು ಒಂದು ವಾಕ್ಯ ಹೇಳಿದರೆ ಬಾರ್ಬಾ ಆ ಗೆರೆಯ ಕೆಳಗೆ ತಮ್ಮ ಹೆಸರನ್ನು ಮತ್ತೆ ಬರೆಯುತ್ತಾರೆ, ಜಾಗ ಅವಳಿಗೆ ಹೋಗುತ್ತದೆ.

ನಾಚಿಕೆಯಾಗುತ್ತಿದೆ ಎಂದುಕೊಂಡೆ. ಸರಿಯಾಗಿ ನೋಡಿದರೆ ಅದು ನಾಚಿಕೆಯಲ್ಲ, ಹಳೆಯ ಉರಿಯೇ. ಅಷ್ಟು ಜನರೆದುರು ಕಣ್ಣು ಮಿಟುಕಿಸದೆ ನನಗಾಗಿ ಸುಳ್ಳು ಹೇಳಿದಳಲ್ಲ, ಅವಳಿಗಾಗಿ ನಾನು ಹಾಗೆ ಎಂದೂ ಹೇಳುತ್ತಿರಲಿಲ್ಲ. ಅದರಲ್ಲೂ ಅವಳೇ ಗೆದ್ದಿದ್ದಳು.

ಪಕ್ಕದ ಕೋಣೆಯಲ್ಲಿ ಕಾರ್ಡು ಕಲೆಸುವ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟೆ. ಬರಲಿಲ್ಲ. ಎಂಟು ಹೊಡೆಯುವವರೆಗೆ ಫೋನು ಹಿಡಿದು ಕೂತಿದ್ದೆ. ಆಮೇಲೆ ಆ ನಾಲ್ಕು ಚಿಲುಮೆಗಳನ್ನು ನನ್ನದೇ ಡಬ್ಬಿಯ ತಳದಲ್ಲಿ ಇಟ್ಟು ಮುಚ್ಚಳ ಹಾಕಿದೆ. ಬಾರ್ಬಾಗೆ ಹೇಳುವುದಿಲ್ಲ, ಸಿಲ್ವಾನೊಗೆ ಹೇಳುವುದಿಲ್ಲ, ಕೇಳುವುದಿಲ್ಲವೆಂದ ತಂಗಿಗಂತೂ ಹೇಳುವುದೇ ಇಲ್ಲ ಎಂದು ತೀರ್ಮಾನಿಸಿದೆ.