ಕೆಂಚನ ಬಗ್ಗೆ ಹೇಳದೆ ಬಿಟ್ಟದ್ದು

ಬಂಟ್ವಾಳದ ಅಂಚೆ ಕಚೇರಿಯಿಂದ ನಿವೃತ್ತಿಯಾದ ಮರುವರ್ಷವೇ ಕುಸುಮ ಮಿಜಾರಿನಲ್ಲಿ ಮುಚ್ಚಿಹೋಗಿದ್ದ ಒಂದು ಕೋಳಿ ಫಾರಂನ ಶೆಡ್ಡನ್ನು ಬಾಡಿಗೆಗೆ ಹಿಡಿದು, ದಿಕ್ಕಿಲ್ಲದ ನಾಯಿಗಳಿಗೆ ಅಲ್ಲಿ ನೆಲೆ ಮಾಡಿಕೊಟ್ಟಳು. ಒಂದೇ ಒಂದು ನಿಯಮ. ಬಂದ ಯಾವ ಪ್ರಾಣಿಯನ್ನೂ ಅಲ್ಲಿ ಕೊಲ್ಲುವುದಿಲ್ಲ. ಕಾಲು ಮುರಿದದ್ದು, ಕಣ್ಣು ಹೋದದ್ದು, ಮುದಿಯಾದದ್ದು, ಎಲ್ಲವೂ ಆಯುಸ್ಸು ಇರುವಷ್ಟು ದಿನ ಇರಬಹುದು. ಆದರೆ ಜಾಗ ಬೇಕಲ್ಲ. ನಲವತ್ತು ನಾಯಿಗಳಿಗೆ ಸಾಕಾಗುವ ಶೆಡ್ಡಿನಲ್ಲಿ ಆ ವರ್ಷ ಮಳೆಗಾಲ ಮುಗಿಯುವಾಗ ಅರವತ್ತಮೂರು ಇದ್ದವು. ಮೂರು ತಾಲೂಕುಗಳಿಂದ ದಿನಾ ಫೋನು ಬರುತ್ತಿತ್ತು. ಇಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿತ್ತು.

ಹಾಗಾಗಿ ಅಕ್ಟೋಬರಿನ ಒಂದು ಭಾನುವಾರ ಮೂಡುಬಿದಿರೆಯ ಸಭಾಭವನವೊಂದರ ಅಂಗಳದಲ್ಲಿ ದತ್ತು ಶಿಬಿರ ಇಟ್ಟರು. ಕಾಲೇಜಿನ ಹುಡುಗಿಯರು ಬಂದು ನಾಯಿಗಳನ್ನು ಮೀಯಿಸಿದರು. ಪಿಕಪ್ ಓಡಿಸುವ ಝುಬೈರ್ ಹದಿನೈದು ನಾಯಿಗಳನ್ನು ಎರಡು ಸರ್ತಿಯಾಗಿ ತಂದು ಇಳಿಸಿದ. ರಸ್ತೆಯಲ್ಲಿ ಪೆಟ್ಟಾಗಿ ಬಿದ್ದ ನಾಯಿಗಳನ್ನು ಎತ್ತಿ ತರುವುದು ಮೊದಲಿನಿಂದಲೂ ಅವನದೇ ಕೆಲಸ.

ಆ ಹದಿನೈದರಲ್ಲಿ ಕೆಂಚನೂ ಇದ್ದ. ಕಟ್ಟಡದ ಕೆಲಸ ಮುಗಿಸಿ ಹೋದವರು ಸರಪಳಿಯಲ್ಲೇ ಬಿಟ್ಟುಹೋಗಿದ್ದ ನಾಯಿ. ಸಿಕ್ಕಿದಾಗ ಎಲುಬು ಎಣಿಸುವ ಹಾಗಿತ್ತು. ಈಗ ಮೈ ತುಂಬಿಕೊಂಡು, ಯಾರು ಬಂದರೂ ಬಾಲ ಆಡಿಸಿಕೊಂಡು ಚೆಂದ ಇದ್ದ. ಒಂದೇ ದೋಷ. ಅವನು ಉಣ್ಣುವಾಗ ಬಟ್ಟಲಿನ ಹತ್ತಿರ ಯಾರ ಕೈಯೂ ಬರಬಾರದು. ಜೂನ್ ತಿಂಗಳಲ್ಲಿ ಬಟ್ಟಲನ್ನು ತುಸು ಸರಿಸಲು ಹೋದ ಝುಬೈರನ ಮಣಿಕಟ್ಟಿಗೆ ಬಾಯಿ ಹಾಕಿದ್ದ. ನಾಲ್ಕು ಹೊಲಿಗೆ ಬಿದ್ದಿತ್ತು. ಆಮೇಲೆ ಅವನಿಗೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಅನ್ನ ಇಡತೊಡಗಿದರು. ಮತ್ತೆ ಏನೂ ತೊಂದರೆಯಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಿಶಿರ್ ಎಂಬವನು ಹೆಂಡತಿ ಅಕ್ಷಿತಾ ಮತ್ತು ಆರು ವರ್ಷದ ಮಗಳು ಸಾತ್ವಿಕಾಳನ್ನು ಕರೆದುಕೊಂಡು ಬಂದ. ಧರ್ಮಸ್ಥಳದ ಲಾಡ್ಜ್ ಒಂದರಲ್ಲಿ ಮ್ಯಾನೇಜರ್, ಮನೆ ಬೆಳ್ತಂಗಡಿಯ ಹೊರಗೆ. ಮಗು ನೇರವಾಗಿ ಕೆಂಚನ ಹತ್ತಿರ ಹೋಗಿ ಕೂತಿತು. ಕೆಂಚ ಅದರ ಕೈ ನೆಕ್ಕಿದ. ಲಸಿಕೆ, ಸಂತಾನಹರಣ ಎಲ್ಲ ಆಗಿದೆ ಎಂದು ಕುಸುಮ ಕಾಗದ ತೋರಿಸಿದಳು. ಅಕ್ಷಿತಾ ಎಲ್ಲವನ್ನೂ ಓದಿ ತಲೆ ಎತ್ತಿದಳು.

"ಅಕ್ಕ, ಮನೆಯಲ್ಲಿ ಸಣ್ಣ ಮಗು ಉಂಟು. ಇದು ಯಾರಿಗಾದರೂ ಕಚ್ಚಿದ್ದುಂಟಾ?"

"ಇಲ್ಲ," ಎಂದಳು ಕುಸುಮ.

ಆ ಕ್ಷಣದಲ್ಲಿ ಅವಳ ತಲೆಯಲ್ಲಿ ಇದ್ದದ್ದು ಬೆಳಗ್ಗೆ ಫಾರಂ ಗೇಟಿನ ಎದುರು ಯಾರೋ ಇಟ್ಟುಹೋಗಿದ್ದ ರಟ್ಟಿನ ಪೆಟ್ಟಿಗೆ, ಅದರೊಳಗಿನ ಐದು ಮರಿಗಳು. ಪಕ್ಕದಲ್ಲೇ ನಿಂತಿದ್ದ ಝುಬೈರ್ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಅವನ ಕಡೆ ನೋಡುವುದು ಅವಳಿಂದ ಆಗಲಿಲ್ಲ.

ಕೆಂಚ ಅವರ ಜೊತೆ ಹೋಗಿ ಹದಿನೆಂಟು ದಿನ ಕಳೆದ ಮೇಲೆ ಶಿಶಿರನ ಫೋನು ಬಂತು. ಕೆಂಚ ಉಣ್ಣುತ್ತಿದ್ದಾಗ ಮಗು ಬಟ್ಟಲಿಗೆ ಬಿಸ್ಕತ್ತು ಹಾಕಲು ಬಗ್ಗಿದೆ. ಕೆನ್ನೆಗೆ ಕಚ್ಚಿದ್ದಾನೆ. ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದ್ದಾರೆ. ಕಣ್ಣಿಗೆ ಏನೂ ಆಗಲಿಲ್ಲ. ಇಷ್ಟನ್ನೂ ಅವನು ಮೆಲ್ಲನೆ, ಒಂದೊಂದಾಗಿ ಹೇಳಿದ. ಬೆಳಿಗ್ಗೆಯೇ ಹೊರಟು ಬರುತ್ತೇನೆ ಎಂದಳು ಕುಸುಮ.

ಮರುದಿನ ಬೆಳಿಗ್ಗೆ ಅವಳೂ ಝುಬೈರನೂ ಬೆಳ್ತಂಗಡಿಗೆ ಹೊರಟರು. ವೇಣೂರು ದಾಟಿದ ಮೇಲೆ ಝುಬೈರ್, ರಸ್ತೆಯ ಮೇಲಿನ ಕಣ್ಣು ಕೀಳದೆ, "ಕುಸುಮಕ್ಕ, ನೀವೊಬ್ಬರೇ ಸುಳ್ಳು ಹೇಳಿದ್ದಲ್ಲ. ನಾನೂ ಅಲ್ಲೇ ಇದ್ದೆ," ಎಂದ.

ಮನೆಯ ಹಿಂದೆ ಗೇರುಮರಕ್ಕೆ ಕೆಂಚನನ್ನು ಕಟ್ಟಿದ್ದರು. ಮುಂದೆ ನೀರಿನ ಪಾತ್ರೆ ಇತ್ತು. ನೆರೆಯವರು ವಿಷ ಹಾಕಿ ಮುಗಿಸುವ ಎಂದಿದ್ದರಂತೆ, ಶಿಶಿರ್ ಒಪ್ಪಿರಲಿಲ್ಲ. ಅವನು ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ, ತಾನೇ ತಪ್ಪು ಮಾಡಿದವನ ಹಾಗೆ ಕೈ ಹಿಸುಕಿಕೊಳ್ಳುತ್ತ ಮಾತು ಶುರು ಮಾಡಿದ. ನಿಮ್ಮಲ್ಲಿ ಇದ್ದಷ್ಟು ದಿನ ಯಾರಿಗೂ ಏನೂ ಮಾಡದ ನಾಯಿ, ನಾವೇ ಸರಿಯಾಗಿ ನೋಡಿಕೊಳ್ಳಲಿಲ್ಲ, ನಮ್ಮಿಂದ ಅದಕ್ಕೂ ಹೆಸರು ಕೆಟ್ಟಿತು ಎಂದ. ಬೈದಿದ್ದರೆ ಕುಸುಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ.

"ಅದು ಮೊದಲೇ ಕಚ್ಚಿತ್ತು," ಎಂದಳು. "ಝುಬೈರನಿಗೆ. ಹೀಗೆಯೇ, ಉಣ್ಣುವಾಗ. ನನಗೆ ಗೊತ್ತಿತ್ತು. ಅವತ್ತು ನೀವು ಕೇಳಿದಾಗ ಇಲ್ಲ ಅಂತ ಹೇಳಿದೆ."

ಝುಬೈರ್ ತೋಳು ಮಡಚಿ ಕಲೆ ತೋರಿಸಿದ. ಶಿಶಿರ್ ಆ ಕಲೆಯನ್ನೇ ನೋಡುತ್ತ ಉಳಿದ. ಒಳಬಾಗಿಲಲ್ಲಿ ಅಕ್ಷಿತಾ ಬಂದು ನಿಂತಿದ್ದಳು. ಅವಳ ಸೆರಗು ಹಿಡಿದುಕೊಂಡು ಕೆನ್ನೆಗೆ ಪಟ್ಟಿ ಕಟ್ಟಿದ ಮಗು.

"ಹೇಳಿದ್ದರೂ ನಾವು ಕರಕೊಂಡು ಬರ್ತಿದ್ದೆವೋ ಏನೋ," ಎಂದಳು ಅಕ್ಷಿತಾ. ಅವಳ ದನಿ ಏರಲಿಲ್ಲ. "ಉಣ್ಣುವ ಹೊತ್ತಿಗೆ ಮಗುವನ್ನು ಒಳಗೆ ಇಟ್ಟುಕೊಳ್ತಿದ್ದೆ. ಇದ್ದದ್ದು ಅಷ್ಟೇ ಕೆಲಸ ಅಲ್ವಾ?"

ಅಕ್ಷಿತಾ ಮಗುವನ್ನು ಒಳಗೆ ಕರೆದುಕೊಂಡು ಹೋದಳು. ಕೆಂಚನನ್ನು ಬಿಚ್ಚಿ ಪಿಕಪ್ಪಿಗೆ ಹತ್ತಿಸಿದಾಗ ಅವನು ಮನೆಯ ಕಡೆಗೇ ತಿರುಗಿ ಕೂತ.

ನಾಯಿಗೆ ಲಸಿಕೆ ಆಗಿದ್ದರೂ ಮಗುವಿಗೆ ಇಂಜೆಕ್ಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಇನ್ನು ಮೂರು ಬಾಕಿ ಇದ್ದವು. ದಿನ ತಿಳಿದುಕೊಂಡು ಕುಸುಮ ಪ್ರತಿ ಸರ್ತಿಯೂ ಮೊದಲ ಬಸ್ಸಿಗೆ ಹೊರಟು ಬೆಳ್ತಂಗಡಿಯ ಆಸ್ಪತ್ರೆಗೆ ಹೋದಳು. ಮೊದಲ ದಿನ ಅಕ್ಷಿತಾ ಅವಳನ್ನು ಕಂಡು ಬೇರೆ ಬೆಂಚಿಗೆ ಎದ್ದು ಹೋದಳು. ಎರಡನೆಯ ದಿನ ಎದ್ದು ಹೋಗಲಿಲ್ಲ, ಮಾತನ್ನೂ ಆಡಲಿಲ್ಲ. ಚೀಟಿ ಮಾಡಿಸಲು ಸಾಲು ನಿಲ್ಲುವುದು ಮಾತ್ರ ಕುಸುಮಳ ಕೆಲಸವಾಯಿತು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಕೊನೆಯ ಇಂಜೆಕ್ಷನ್ನಿಗೆ ಬರುವಾಗ ಮಗುವಿನ ಹೊಲಿಗೆ ಬಿಚ್ಚಿ ಎಷ್ಟೋ ದಿನವಾಗಿತ್ತು. ಕೆನ್ನೆಯ ಮೇಲೆ ನಸುಗೆಂಪು ಗೆರೆ. ಅದು ಪೂರ್ತಿ ಹೋಗುವುದಿಲ್ಲವಂತೆ. ಒಳಗಿನಿಂದ ಹೆಸರು ಕರೆದಾಗ ಅಕ್ಷಿತಾ ಕೈಯಲ್ಲಿದ್ದ ಚೀಲವನ್ನು ಕುಸುಮಳ ಮಡಿಲಲ್ಲಿಟ್ಟು ಮಗುವನ್ನು ಎತ್ತಿಕೊಂಡು ಹೋದಳು. ತಿರುಗಿ ಬಂದು ಚೀಲ ತೆಗೆದುಕೊಳ್ಳುವಾಗ ಒಂದು ಕ್ಷಣ ನಿಂತಳು.

"ಅವನು ಹೇಗಿದ್ದಾನೆ?"

"ಇದ್ದಾನೆ. ಬಂದ ಮೊದಲೆರಡು ದಿನ ಏನೂ ಮುಟ್ಟಲಿಲ್ಲ. ಈಗ ಉಣ್ತಾನೆ."

ಅಕ್ಷಿತಾ ತಲೆಯಾಡಿಸಿದಳು. ಇನ್ನು ಮೇಲೆ ನೀವು ಬರಬೇಕೆಂದಿಲ್ಲ ಎಂದು ಹೇಳಿ, ಮಗುವಿನ ಕೈ ಹಿಡಿದು ಮೆಟ್ಟಿಲಿಳಿದಳು. ಅದು ಕ್ಷಮೆಯೋ, ಮುಗಿಸಿಬಿಟ್ಟದ್ದೋ, ಕುಸುಮಳಿಗೆ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡು ಬಸ್ಸು ಹತ್ತಿದಳು.

ಡಿಸೆಂಬರಿನ ಶಿಬಿರದಲ್ಲಿ ಪ್ರತಿ ನಾಯಿಯ ಕುತ್ತಿಗೆಗೂ ಒಂದು ರಟ್ಟಿನ ಚೀಟಿ ನೇತಾಡುತ್ತಿತ್ತು. ಅದರ ರೋಗ, ಭಯ, ಕಚ್ಚಿದ್ದು, ಓಡಿಹೋದದ್ದು ಎಲ್ಲವನ್ನೂ ಕುಸುಮ ತನ್ನ ಕೈಯಲ್ಲೇ ಬರೆದಿದ್ದಳು. ಓದಿದವರು ಹೆಚ್ಚಿನವರು ಮುಂದೆ ಸರಿದರು. ದಿನದ ಕೊನೆಗೆ ಮನೆ ಸಿಕ್ಕಿದ್ದು ಎರಡು ಮರಿಗಳಿಗೆ ಮಾತ್ರ. ಉಳಿದವನ್ನು ಪಿಕಪ್ಪಿಗೆ ತುಂಬಿಸುತ್ತ ಝುಬೈರ್, ಶೆಡ್ಡಿನ ಆಚೆ ಬದಿ ಕೋಳಿ ಆಹಾರ ಇಡುತ್ತಿದ್ದ ಕೋಣೆ ಖಾಲಿ ಬಿದ್ದಿದೆ, ಗೋಡೆ ಒಡೆದರೆ ಇನ್ನು ಹತ್ತಕ್ಕೆ ಜಾಗವಾಗುತ್ತದೆ ಎಂದ. ನಾಳೆಯೇ ಒಡೆಯುವ ಎಂದಳು ಕುಸುಮ.